ನಿದ್ದೆಯ ಬಾಗಿಲವರೆಗಿನ ಹೆಗಲು

ಕಿಟಕಿಯಾಚೆಯ ಬೆಳಕು ಇನ್ನೂ ಹಾಲು ಬೆರೆಸಿದ ನೀರಿನಂತಿದೆ. ಆಸ್ಪತ್ರೆಯ ಉದ್ದನೆಯ ಹಾದಿಯಲ್ಲಿ ಹೆಗಲಮ್ಮ ತೇಲಿದಂತೆ ಬರುತ್ತಿದ್ದಾರೆ. ಹೆಗಲ ಮೇಲೊಂದು ಪುಟ್ಟ ಹುಡುಗಿ, ಕಣ್ಣು ಅರ್ಧ ಮುಚ್ಚಿದೆ. ಕಿವಿಯ ಆಪರೇಷನ್ನಿಗೆ ಬಂದ ಮಕ್ಕಳನ್ನು ಥಿಯೇಟರಿಗೆ ಹೊತ್ತೊಯ್ಯುವುದು, ಅವರು ಕಣ್ಣುಬಿಡುವಾಗ ಪಕ್ಕದಲ್ಲಿರುವುದು ಇಲ್ಲಿ ಆಯಾ ಆಗಿರುವ ಇವರ ಕೆಲಸ. ಮಕ್ಕಳಿಟ್ಟ ಹೆಸರೇ ಅವರಿಗೆ ಅಂಟಿಕೊಂಡಿದೆ.

"ತಳ್ಳೋ ಗಾಡಿ ಇದೆ. ಅದ್ರಲ್ಲಿ ಮಲಗಿದ್ರೆ ಮಕ್ಳಿಗೆ ಬರೀ ಲೈಟು ಕಾಣುತ್ತೆ. ಹೆಗಲ ಮೇಲಿದ್ರೆ ಹಿಂದೆ ಬರೋ ಅಮ್ಮ ಕಾಣ್ತಾಳೆ," ಎನ್ನುತ್ತಾರೆ.

ಕಿವಿಯ ತಮಟೆಯ ಹಿಂದೆ ಗೋಂದಿನಂಥ ನೀರು ನಿಂತು ಮಕ್ಕಳಿಗೆ ಲೋಕದ ಸದ್ದೇ ಮಂದವಾಗುತ್ತದೆ. ತಮಟೆಯಲ್ಲಿ ಸಣ್ಣ ಸೀಳು ಮಾಡಿ, ನೀರು ತೆಗೆದು, ಅಂಗಿಯ ಗುಂಡಿಯ ತೂತಿನಲ್ಲಿ ತೂರಬಲ್ಲಷ್ಟು ಚಿಕ್ಕ ನಳಿಕೆ ಇಡುತ್ತಾರೆ. ಅದು ಸಾಮಾನ್ಯವಾಗಿ ತಾನಾಗಿಯೇ ಉದುರುತ್ತದೆ. ಕೆಲವೊಮ್ಮೆ ಕಿವಿ ಸೋರುತ್ತದೆ, ನಳಿಕೆ ಕಟ್ಟಿಕೊಳ್ಳುತ್ತದೆ. ಅಪರೂಪಕ್ಕೆ ಸೀಳು ಮುಚ್ಚುವುದೇ ಇಲ್ಲ.

ಹೆಗಲಮ್ಮನ ಮಗಳಿಗೆ ಹಾಗೇ ಆಗಿತ್ತು. ತೂತು ಮುಚ್ಚಲು ಇನ್ನೊಂದು ಆಪರೇಷನ್ ಬೇಕಾಯಿತು. "ಹೊರಗಡೆ ಬೆಂಚಲ್ಲಿ ಕೂತಿದ್ದೆ. ಪಕ್ಕ ಕೂತು ಒಂದ್ ಮಾತಾಡೋರಿರ್ಲಿಲ್ಲ. ಮಗಳು ಹುಷಾರಾದ್ಮೇಲೆ ಇಲ್ಲೇ ಕೆಲ್ಸ ಕೇಳ್ದೆ."

ಇವತ್ತಿನ ಹುಡುಗಿ ಬಂದಿರುವುದು ಎರಡನೇ ಸಲ. ಮೊದಲ ನಳಿಕೆ ಬೇಗ ಉದುರಿ, ಮತ್ತೆ ನೀರು ತುಂಬಿದೆ. ಥಿಯೇಟರಿನ ಬಾಗಿಲಲ್ಲಿ ತಾಯಿ ಮಗುವಿನ ಕಾಲು ಬಿಡುತ್ತಿಲ್ಲ.

"ಸ್ನಾನ ಮಾಡಿಸ್ವಾಗ ನಾನೇ ಏನೋ ಎಡವಟ್ಟು ಮಾಡಿದೀನಿ. ಈ ಸಲವೂ ಹಾಗೇ ಆದ್ರೆ?"

ಒಳಗಿನಿಂದ ಕರೆ ಬರುತ್ತದೆ. ಹೆಗಲಮ್ಮ ಕದಲುವುದಿಲ್ಲ. "ಡಾಕ್ಟ್ರು ಒಂದ್ ನಿಮಿಷ ಬರ್ಲಿ. ಅವರ ಬಾಯಿಂದ ಕೇಳಿದ್ರೆ ಇವರಿಗೆ ಸಮಾಧಾನ."

ಡಾಕ್ಟರು ಮುಖಗವಸು ಇಳಿಸಿಕೊಂಡು ಬರುತ್ತಾರೆ. "ಕೆಲವು ಮಕ್ಳಲ್ಲಿ ಬೇಗ ಉದುರುತ್ತಮ್ಮ. ನಿಮ್ಮ ತಪ್ಪಲ್ಲ. ಸೋರಿದ್ರೆ ಬನ್ನಿ, ಔಷಧಿ ಇದೆ." ತಾಯಿಯ ಬೆರಳುಗಳು ಒಂದೊಂದಾಗಿ ಸಡಿಲವಾಗುತ್ತವೆ.

ಬಿಸಿಲು ಗೋಡೆಗೆ ಬರುವ ಹೊತ್ತಿಗೆ ಹುಡುಗಿ ಮಂಪರಿನಿಂದ ಮೆಲ್ಲಗೆ ಮೇಲೇಳುತ್ತಾಳೆ. ತಾಯಿ ವಾಡಿಕೆಯಂತೆ ದೊಡ್ಡ ದನಿಯಲ್ಲಿ ಕೇಳುತ್ತಾಳೆ, "ನೋಯ್ತಿದೆಯಾ ಪುಟ್ಟಿ?"

ಹುಡುಗಿ ಮುಖ ಸಿಂಡರಿಸುತ್ತಾಳೆ. "ಯಾಕಮ್ಮ ಕಿರುಚ್ತೀಯ?"

ತಾಯಿಗೆ ನಗುವೂ ಅಳುವೂ ಒಟ್ಟಿಗೆ ಬರುತ್ತವೆ. ಅವರಿಬ್ಬರನ್ನೂ ಅವರ ಪಾಡಿಗೆ ಬಿಟ್ಟು ಹೆಗಲಮ್ಮ ಪರದೆ ಎಳೆದು ಈಚೆ ಬರುತ್ತಾರೆ.

ಈ ಮಕ್ಕಳು ದೊಡ್ಡವರಾದ ಮೇಲೆ ನಿಮ್ಮನ್ನು ಗುರುತು ಹಿಡಿಯುತ್ತಾರಾ ಎಂದು ಕೇಳುತ್ತೇನೆ.

"ಎಲ್ಲಿಂದ ಹಿಡೀತಾರೆ, ನಿದ್ದೆಗಣ್ಣಲ್ಲಿ ನೋಡಿರೋದು," ಎಂದು ನಗುತ್ತಾರೆ. "ನಾನು ನೆನಪಿಲ್ದಿದ್ರೂ ಪರವಾಗಿಲ್ಲ. ಹೆದ್ರಿದ್ದು ನೆನಪಿರ್ಬಾರ್ದು, ಅಷ್ಟೇ."