ಸಹಿ ಹಾಕೋ ಮುಂಚೆ ಓದಕ್ಕ

ಬೆಳಗ್ಗೆ ಐದೂವರೆ. ಲಿಫ್ಟ್ ರಿಪೇರಿ ಕಂಪನಿಯ ಶಟರ್ ಇನ್ನೂ ಅರ್ಧಕ್ಕೇ ಎದ್ದಿದೆ, ಒಳಗೆ ಉರೀತಿರೋದು ಒಂದೇ ಟ್ಯೂಬ್‌ಲೈಟು. ಅದರ ಕೆಳಗೆ ಕೂತಿರೋ ಅಕ್ಕನ ಮುಂದೆ ಒಂದು ಹಳೇ ಬಿಸ್ಕತ್ ಡಬ್ಬ. ಬಿಸ್ಕತ್ ಖಾಲಿಯಾಗಿ ಎಷ್ಟು ವರ್ಷ ಆಯ್ತೋ, ಈಗ ಅದರಲ್ಲಿರೋದು ಇಪ್ಪತ್ಮೂರು ಕ್ರೆಡಿಟ್ ಕಾರ್ಡು. ಒಬ್ಬೊಬ್ಬ ಮೆಕ್ಯಾನಿಕ್‌ಗೆ ಒಂದೊಂದು. ಬೆಳಗ್ಗೆ ಎಣಿಸಿ ಕೊಡಬೇಕು, ಸಂಜೆ ಎಣಿಸಿ ಇಸ್ಕೋಬೇಕು, ಮಧ್ಯೆ ಯಾರು ಯಾವ ಅಂಗಡೀಲಿ ಏನು ತಗೊಂಡ್ರು ಅನ್ನೋದಕ್ಕೆ ಚೀಟಿ ಹೊಂದಿಸಬೇಕು. ದಿನಕ್ಕೆ ನಲವತ್ತು ಚೀಟಿಗೆ ಮೋಸ ಇಲ್ಲ. ಆ ನುಣುಪು ಕಾಗದದ ಅಕ್ಷರ ಬೇಗ ಮಾಸಿ ಹೋಗುತ್ತೆ ಅಂತ ಬಂದ ತಕ್ಷಣ ಎಲ್ಲದರ ಜೆರಾಕ್ಸ್ ತೆಗೀತಾರೆ.

ಹಾಜರಿ ಪುಸ್ತಕದಲ್ಲಿ ಇವರಿಗೆ ಬೇರೆ ಹೆಸರಿದೆ. ಆದರೆ ಮೆಕ್ಯಾನಿಕ್‌ಗಳ ಬಾಯಲ್ಲಿ ಇವರು ಓದಕ್ಕ. ಹೊಸಬರು ಕಾರ್ಡ್ ತಗೊಳ್ಳೋಕೆ ಬಂದರೆ ಪೆನ್ನು ಕೊಡೋಕೆ ಮುಂಚೆ ಕುರ್ಚಿ ಎಳೀತಾರೆ. ಸಹಿ ಹಾಕೋ ಫಾರ್ಮನ್ನ ಮೊದಲಿಂದ ಕೊನೇವರೆಗೂ ಜೋರಾಗಿ ಓದಿಸ್ತಾರೆ. "ಬಂದಿರೋದು ಓದಕ್ಕಲ್ಲ, ಲಿಫ್ಟ್ ರಿಪೇರಿಗೆ" ಅಂತ ಯಾರೋ ಗೊಣಗಿದ್ದಕ್ಕೆ ಅಂಟಿದ ಹೆಸರು ಅದು. ಫಾರ್ಮ್ ಮುಗಿಯೋ ಹೊತ್ತಿಗೆ ಅದರ ಮೇಲೆ ಸಹಿಗಿಂತ ಮುಂಚೆ ಗ್ರೀಸಿನ ಹೆಬ್ಬೆಟ್ಟು ಬಿದ್ದಿರುತ್ತೆ.

ಹಾಗಂತ ಮೆತ್ತಗಿನ ಆಸಾಮಿ ಅಂದ್ಕೋಬೇಡಿ. ಹೋದ ತಿಂಗಳು ಹಿರಿಯ ಮೆಕ್ಯಾನಿಕ್ ಒಬ್ಬರು ಕಂಪನಿ ಕಾರ್ಡಲ್ಲಿ ಮಗಳಿಗೆ ಶೂ ತಗೊಂಡು, ಚೀಟೀಲಿ 'ಬೆಲ್ಟ್ ಮತ್ತು ಇತರೆ' ಅಂತ ಬರೆಸ್ಕೊಂಡು ಬಂದ್ರು. ಓದಕ್ಕ ಚೀಟಿ ಮೂಲೇಲಿ 'ಸೈಜ್ 4' ಅಂತ ಇದ್ದಿದ್ದು ನೋಡಿದ್ರು, ಮುಖ ನೋಡಿದ್ರು, ಲಿಫ್ಟಿಗೆ ಯಾವಾಗಿಂದ ನಾಲ್ಕನೇ ಸೈಜಿನ ಪಾದ ಬಂತು ಅಂತ ವಿಚಾರಿಸಿದ್ರು. ಅವತ್ತೇ ದುಡ್ಡು ವಾಪಸ್ ಕಟ್ಟಿಸಿ, ತಪ್ಪಾಯ್ತು ಅಂತ ಬರೆಸ್ಕೊಂಡ್ರು. "ಕಂಪನಿ ಕೆಲಸಕ್ಕೆ ಖರ್ಚಾದ್ರೆ ಕಂಪನಿ ಕಟ್ಟಬೇಕು. ನಿನ್ನ ಮನೆಗೆ ಖರ್ಚಾದ್ರೆ ನೀನು ಕಟ್ಟಬೇಕು. ಇದಕ್ಕೆ ವಕೀಲರು ಯಾಕಣ್ಣ ಬೇಕು?" ಅನ್ನೋದು ಅವರ ಲೆಕ್ಕ.

ಆದರೆ ವಕೀಲರ ಬಾಗಿಲು ಅವರೂ ಒಮ್ಮೆ ತಟ್ಟಿದ್ದಾರೆ. ಹನ್ನೊಂದು ವರ್ಷದ ಹಿಂದೆ ಒಂದು ಪೀಠೋಪಕರಣದ ಅಂಗಡೀಲಿ ಕೆಲಸಕ್ಕಿದ್ರು. ಮಾಲೀಕರು ಇವರ ಹೆಸರಲ್ಲಿ ಅಂಗಡಿಯ ಕಾರ್ಡ್ ಮಾಡಿಸಿದ್ರು. ಕಾರ್ಡ್ ಮೇಲೆ ಉಬ್ಬು ಅಕ್ಷರದಲ್ಲಿ ತನ್ನ ಹೆಸರು! ಮನೆಗೆ ತಗೊಂಡು ಹೋಗಿ ಅಮ್ಮನ ಬೆರಳು ಹಿಡಿದು ಅದರ ಮೇಲೆ ಸವರಿಸಿದ್ರಂತೆ. ಅಮ್ಮನಿಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತು. ಮಾಲೀಕರು ಆ ಕಾರ್ಡ್ ಉಜ್ಜಿ ಉಜ್ಜಿ, ಒಂದಿನ ಅಂಗಡಿಗೆ ಬೀಗ ಜಡಿದು ಮಾಯ ಆದ್ರು. ಬ್ಯಾಂಕಿನ ನೋಟಿಸ್ ಬಂದಿದ್ದು ಇವರ ಮನೆಗೆ.

ಕಾರ್ಡ್ ಮಾಡಿಸೋವಾಗ ಸಹಿ ಹಾಕಿದ ಕಾಗದದಲ್ಲಿ 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ' ಅಂತ ಇತ್ತು. "ಪ್ರತ್ಯೇಕ ಅಂದ್ರೆ ಅವರದ್ದು ಅವರಿಗೆ, ನನ್ನದು ನನಗೆ ಅಂದ್ಕೊಂಡೆ. ಪ್ರತ್ಯೇಕ ತಟ್ಟೆ, ಪ್ರತ್ಯೇಕ ಕೋಣೆ ಅಂತೀವಲ್ಲ, ಹಾಗೆ." ಪಕ್ಕದ ಬೀದಿಯ ವಕೀಲರು ಬಿಡಿಸಿ ಹೇಳಿದಾಗಲೇ ಗೊತ್ತಾಗಿದ್ದು: ಆ ಕಾಗದದಲ್ಲಿ ಅದರ ಅರ್ಥ ಪೂರ್ತಿ ಉಲ್ಟಾ. ಇಬ್ಬರಲ್ಲಿ ಯಾರು ಸಿಕ್ತಾರೋ ಅವರೊಬ್ಬರಿಂದಲೇ ಬ್ಯಾಂಕು ಎಲ್ಲಾ ಸಾಲ ಕೇಳಬಹುದು. ತೀರಿಸೋಕೆ ನಾಲ್ಕು ವರ್ಷ ಹಿಡೀತು. ಅಮ್ಮನ ಕಣ್ಣಿನ ಆಪರೇಷನ್ ಅಷ್ಟೂ ವರ್ಷ ಮುಂದಕ್ಕೆ ಹೋಯ್ತು.

ಅದಕ್ಕೇ ಈ ತಿಂಗಳು ಹೊಸ ಮ್ಯಾನೇಜರ್ ಕಳಿಸಿದ ಫಾರ್ಮನ್ನ ಓದಕ್ಕ ಎರಡೆರಡು ಸಲ ಓದಿದ್ರು. ಬ್ಯಾಂಕ್ ಬದಲಾಗಿದೆ, ಎಲ್ಲರ ಹತ್ರ ಹೊಸದಾಗಿ ಸಹಿ ಮಾಡಿಸಿ ಅಂತ ಆದೇಶ. ಒಂಬತ್ತನೇ ಸಾಲಲ್ಲಿ ಅದೇ ಹಳೇ ನೆಂಟರು ಕೂತಿದ್ದಾರೆ: ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ. ಶುಕ್ರವಾರದೊಳಗೆ ಇಪ್ಪತ್ಮೂರು ಸಹಿ ಬರಬೇಕು. ಓದಕ್ಕನದ್ದೋ ವರ್ಷ ವರ್ಷ ನವೀಕರಿಸೋ ಕೆಲಸ, ಈ ತಿಂಗಳೇ ಮುಗಿಯುತ್ತೆ, ನವೀಕರಣದ ಕಾಗದ ಇರೋದು ಅದೇ ಮ್ಯಾನೇಜರ್ ಮೇಜಿನ ಮೇಲೆ. ಹಾಗಿದ್ರೂ ಶುಕ್ರವಾರ ಬೆಳಗಾದಾಗ ಅವರ ಹತ್ರ ಇದ್ದ ಸಹಿ ಸೊನ್ನೆ.

ಆರು ಗಂಟೆಗೆ ಮ್ಯಾನೇಜರೇ ಬಂದು ನಿಂತ್ರು. ಮೆಕ್ಯಾನಿಕ್‌ಗಳು ಟೂಲ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನೋಡ್ತಾ ಇದ್ದಾರೆ. ಯಾಕೆ ತಡ ಅಂತ ಕೇಳಿದ್ದಕ್ಕೆ ಓದಕ್ಕ ಕುರ್ಚಿ ಎಳೆದು ಹಾಕಿದ್ರು.

"ನಿಮ್ಮ ಹೆಸರಲ್ಲೂ ಒಂದು ಕಾರ್ಡ್ ಬಂದಿದೆ ಸರ್. ಮೊದಲ ಸಹಿ ನಿಮ್ಮದೇ ಆಗಲಿ. ಓದಿ, ಸ್ವಲ್ಪ ಜೋರಾಗಿ."

ಅವರು ನಕ್ಕೊಂಡೇ ಓದಿದ್ರು. ಒಂಬತ್ತನೇ ಸಾಲಿಗೆ ಬಂದಾಗ ಓದಕ್ಕ ಅರ್ಥ ಕೇಳಿದ್ರು.

"ಅವರವರದ್ದು ಅವರವರಿಗೆ ಅಂತ. ಅದರಲ್ಲೇನಿದೆ?"

ಓದಕ್ಕ ನಗಲಿಲ್ಲ. ಹನ್ನೊಂದು ವರ್ಷದ ಹಿಂದೆ ತಾನೂ ಅದೇ ಮಾತು ಹೇಳಿದ್ದೆ ಅಂತ ಹೇಳಿ, ಬ್ಯಾಂಕಿಗೇ ಫೋನ್ ಹಚ್ಚಿ ಕೇಳಿ ಅಂದ್ರು. ಎಂಟು ಗಂಟೆಗೆ ಬ್ಯಾಂಕಿನ ಸಹಾಯವಾಣಿ ಶುರು. ಅಲ್ಲೀವರೆಗೂ ಒಬ್ಬರೂ ಕದಲಲಿಲ್ಲ, ಊರಿನ ಅದೆಷ್ಟು ಲಿಫ್ಟ್ ಕಾದವೋ. ಕೊನೆಗೆ ಸ್ಪೀಕರಲ್ಲಿ ಒಬ್ಬ ಹೆಣ್ಣುಮಗಳ ದನಿ, ತುಂಬಾ ಮರ್ಯಾದೆಯಿಂದ: "ಹೌದು ಸರ್, ಕಂಪನಿ ಕಟ್ಟದಿದ್ರೆ ಪೂರ್ತಿ ಬಾಕಿ ನಿಮ್ಮಿಂದಲೇ ವಸೂಲಿ ಮಾಡಬಹುದು."

ಮ್ಯಾನೇಜರ್ ಪೆನ್ನಿಗೆ ಕ್ಯಾಪ್ ಹಾಕಿದ್ರು. ಫಾರ್ಮ್ ತಗೊಂಡು ಒಳಗೆ ಹೋದ್ರು.

ಮ್ಯಾನೇಜರ್ ಬ್ಯಾಂಕಿನ ಹತ್ರ ಮಾತಾಡಿ ತಿದ್ದಿಸಿದ ಹೊಸ ಫಾರ್ಮ್ ಸೋಮವಾರ ಬಂತು. ಒಂಬತ್ತನೇ ಸಾಲಲ್ಲಿ ಈಗ ಕಂಪನಿ ಕೆಲಸದ ಖರ್ಚಿಗೆ ಕಂಪನಿಯೊಂದೇ ಹೊಣೆ, ಸ್ವಂತ ಖರ್ಚಿಗೆ ನೌಕರ ಹೊಣೆ ಅಂತ ಇದೆ. ಶೂ ತಗೊಂಡಿದ್ದ ಹಿರಿಯರೇ ಎಲ್ಲರಿಗಿಂತ ಜೋರಾಗಿ ಓದಿ ಮೊದಲ ಸಹಿ ಹಾಕಿದ್ದಾರೆ, ಗ್ರೀಸ್ ಸಮೇತ.

ಫಾರ್ಮುಗಳ ಜೊತೆಗೇ ಬಂದಿದೆ ಓದಕ್ಕನ ನವೀಕರಣದ ಕಾಗದ. ಮ್ಯಾನೇಜರ್ ಪೆನ್ನು ಚಾಚಿದ್ದಾರೆ. ಇವರು ಕಾಗದ ಮಡಚಿ ಬ್ಯಾಗಿಗೆ ಹಾಕ್ಕೊಳ್ತಾರೆ.

"ನಾಳೆ ಬೆಳಗ್ಗೆ ಸಹಿ ಮಾಡಿ ತರ್ತೀನಿ ಸರ್. ನನ್ನ ಕಾಗದ ಏನಿದ್ರೂ ಮೊದಲು ಅಮ್ಮ ನೋಡ್ತಾರೆ. ಈಗ ಕನ್ನಡಕ ಇಲ್ಲದೆ ಓದ್ತಾರೆ, ಒಂದಕ್ಷರ ಬಿಡಲ್ಲ."