ಅಲುಗಾಡೋರಿಗೊಂದು ಲೆನ್ಸು

ಒಂದು ಮಾತು ಮದಲ ಹೇಳಿಬಿಡತೇನಿ, ಆಮ್ಯಾಲ ಬೈಯೂದಿದ್ರ ಬೈರಿ. ನಾ ತಗದ ಫೋಟೋದಾಗ ಮಂದಿ ಎಲ್ಲಾಕ್ಕಿಂತ ಹೆಚ್ಚು ಹೊಗಳೂವು ಸತ್ತವರ ಫೋಟೋ. ಅದರಾಗ ನನ್ನ ದೊಡ್ಡಸ್ತನ ಏನೂ ಇಲ್ಲ. ಅವರು ಅಲುಗಾಡಂಗಿಲ್ಲ, ಅಷ್ಟ.

ಬೆಟಗೇರಿಯಾಗ ನಂದೊಂದು ಸಣ್ಣ ಸ್ಟುಡಿಯೋ ಐತಿ, ನಮ್ಮಪ್ಪ ಹಾಕಿದ್ದು. ಮದುವಿ, ಕುಬಸ, ಹುಟ್ಟಿದಬ್ಬ ಎಲ್ಲಾ ಈಗ ಡ್ರೋನ್ ಹಾರಸೂ ಹುಡುಗರ ಪಾಲಾಗ್ಯಾವ. ನನಗ ಉಳದದ್ದು ಪಾಸ್‌ಪೋರ್ಟ್ ಸೈಜು, ಮತ್ತ ಈ ಕೆಲಸ. ನಮ್ಮ ಮಂದ್ಯಾಗ ಸತ್ತವರನ್ನ ಮಲಗಸಂಗಿಲ್ರಿ. ಗ್ವಾಡಿಗೆ ಆನಿಸಿ ಕುಂಡ್ರಸತಾರ. ಹಣಿಗೆ ಇಬತ್ತಿ, ಕೊಳ್ಳಾಗ ಹಾರ, ತಲಿ ವಾಲಬಾರದಂತ ಒಂದು ಬಿಳೀ ಬಟ್ಟಿ ಕಟ್ಟಿರತಾರ. ಮಣ್ಣು ಕೊಡೂ ಕುಣಿಯೊಳಗ ಇಳಸೂದೂ ಕುಂತಂಗ. ಇನ್ನೇನು ಎತ್ತಬೇಕು ಅನ್ನೂದರಾಗ ಯಾರಿಗೋ ಒಬ್ಬರಿಗೆ ನೆನಪಾಗತೈತಿ: "ಅಯ್ಯ ಶಿವನ, ಗ್ವಾಡಿಗೆ ಹಾಕಾಕ ಒಂದರೆ ಫೋಟೋ ಐತೇನೋ?" ಇರಂಗಿಲ್ಲ. ಆವಾಗ ನನಗ ಫೋನು ಬರತೈತಿ.

ಹೋದ್ರ ಹಳೇ ಮನಿ. ಮಟಮಟ ಮಧ್ಯಾಹ್ನದಾಗೂ ಪಡಸಾಲ್ಯಾಗ ದೀಪಾ ಹಚ್ಚಬೇಕು. ಫ್ಲಾಶ್ ಹೊಡದ್ರ ಹಿರ್ಯಾರು ಸಿಟ್ಟಿಗೇಳತಾರ. ನನ್ನ ಸಣ್ಣ ಮಿರರ್‌ಲೆಸ್ ಕ್ಯಾಮೆರಾದ ಜೋಡಿ ಬಂದ ಲೆನ್ಸು ಬಡಪಾಯಿ, ಕತ್ತಲದಾಗ ಅದಕ್ಕ ಕಣ್ಣ ಕಾಣಂಗಿಲ್ಲ. ಹಿಂಗಾಗಿ ಶಟರ್ ಭಾಳೊತ್ತು ತಗದಿಡಬೇಕಾಗತೈತಿ. ಅಷ್ಟರಾಗ ಸುತ್ತ ಕುಂತ ಮಂದಿ ಬಿಕ್ಕತಾರ, ಸೆರಗಲೆ ಮೂಗು ಒರಸಿಕೋತಾರ, ಒಬ್ಬರ ಹೆಗಲಿಗೆ ಒಬ್ಬರು ವಾಲತಾರ. ಅಂಗಡಿಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದ್ರ, ನಟ್ಟನಡುವ ಸತ್ತವರು ಹುಬ್ಬಿನ ಕೂದಲಾ ಕಾಣೂವಷ್ಟು ಸ್ವಚ್ಛ. ಸುತ್ತಲಿನ ಬದುಕಿದವರು ಹೊಗಿಯಂಗ ಕಲಸಿಹೋಗಿರತಾರ. ಇಷ್ಟು ವರ್ಷದಾಗ ಇದನ್ನ ಭಾಳ ಸಲ ನೋಡೇನಿ.

ಮತ್ತ ಮಂದಿ ಬೇಡಿಕಿ ಒಂದಾ ಎರಡಾ! ಶಿರಹಟ್ಟಿಯೊಳಗ ಒಬ್ಬ ಯಜಮಾನ್ರು ತೀರಿಕೊಂಡಿದ್ರು. ಹೊಲ ಮನಿ ಗಳಿಸಿದ ಮನಷ್ಯಾ, ಒಂದು ಫೋಟೋ ಗಳಿಸಿರಲಿಲ್ಲ. ಮಗ ಬಂದು, "ಕಣ್ಣ ಮುಚ್ಚಿದ್ದು ಬ್ಯಾಡ್ರಿ, ಕಂಪ್ಯೂಟರದಾಗ ತಗಸಿಕೊಡ್ರಿ" ಅಂದ. ಯಾರ ಕಣ್ಣು ತಂದು ಹಚ್ಚಲಿ? ಕಡೀಕ ಆ ಮಗನ ಕಣ್ಣನ್ನ ಅಪ್ಪನ ಮಾರಿಗೆ ಕೂಡಿಸಿ ಕೊಟ್ಟೆ. ಭಾಳ ಛಂದ ಕುಂತಿದ್ದೂ ಖರೆ. ಸ್ವಲ್ಪ ದಿನದ ಮ್ಯಾಲ ಸಿಕ್ಕಾಗ ಅಂವ ಹೇಳಿದ: "ಅಪ್ಪ ನೋಡಾಕತ್ತಿದ್ರ ಹೆದರತಿರಲಿಲ್ಲರೀ. ಊಟಕ್ಕ ಕುಂತಾಗ ನನ್ನ ನಾನ ನೋಡಾಕತ್ತೇನಿ." ಈಗ ಅಂವ ಆ ಗ್ವಾಡಿಗೆ ಬೆನ್ನ ಮಾಡಿ ಉಣತಾನಂತ.

ಮುಂಡರಗಿಯಾಗ ಇನ್ನೊಂದು. ಅಂಗಡಿಕಾರರ ಮನಿ ಸೊಸಿ, ಸಣ್ಣ ವಯಸ್ಸು, ಹಡದ ಮ್ಯಾಲ ಉಳೀಲಿಲ್ಲ. ಆಕಿದು ಅಂತ ಇದ್ದದ್ದು ಯಾರದೋ ಮದುವ್ಯಾಗ ತಗದ ಗುಂಪಿನ ಫೋಟೋ. ಅದರಾಗಿಂದ ಆಕಿನ್ನ ಒಬ್ಬಾಕಿನ್ನ ಕತ್ತರಿಸಿ ತಗದ್ರ ಹೆಗಲ ಮ್ಯಾಲ ಯಾರದೋ ಬೆರಳು ಉಳದುಬಿಟ್ವು. ಅಳಸಾಕ ಹೋದೆ. ಆ ಹುಡುಗಿ ಅವ್ವ ನನ್ನ ಕೈ ಹಿಡದು, "ಬ್ಯಾಡೋ ಯಪ್ಪಾ, ಅವು ನನ್ನ ಬೆರಳ" ಅಂದ್ಲು. ಆ ಬೆರಳು ಇನ್ನೂ ಗ್ವಾಡಿ ಮ್ಯಾಲ ಅದಾವ.

ಇವನ್ನೆಲ್ಲಾ ಮನಿಗೆ ಬಂದು ಗಿರಿಜಾನ ಮುಂದ ಹೇಳತಿದ್ದೆ. ಗಿರಿಜಾ ಅಂದ್ರ ನನ್ನ ಹೆಂಡತಿ. ನೇಕಾರರ ಮಗಳು, ಮಾತಿನ್ಯಾಗ ಚಾಕು. ಮದಲೆಲ್ಲಾ ಕೇಳಿ ನಗತಿದ್ಲು. ಹ್ವಾದ ವರ್ಷ ನಗಲಿಲ್ಲ. "ನೋಡ್ರಿ, ನನ್ನ ಫೋಟೋದಾಗ ಯಾರ ಕಣ್ಣೂ ಬ್ಯಾಡ, ಯಾರ ಬೆರಳೂ ಬ್ಯಾಡ. ಜೀವಂತ ಇದ್ದಾಗ ನನ್ನ ಕಣ್ಣ ತಗದದ್ದು ಒಂದು ತಗದಿಡ್ರಿ" ಅಂದ್ಲು.

ಯಾಕಂದ್ರ ಆಕಿಗೆ ಕಂಪವಾತ. ಮಂದಿ ಮಗ್ಗಕ್ಕ ಕಂಡಿಕಿಗೆ ನೂಲು ಸುತ್ತೂ ಮುಂದ ಬಲಗೈ ನಡಗಾಕ ಹತ್ತಿತು. ಚಳಿ ಅಂದ್ಕೊಂಡ್ವಿ. ಬ್ಯಾಸಗಿ ಬಂದ್ರೂ ನಿಲ್ಲಲಿಲ್ಲ. ಈಗ ಎರಡೂ ಕೈ, ಗದ್ದ, ತಲಿ ಎಲ್ಲಾ ಅಲುಗಾಡತಾವ. ಡಾಕ್ಟರು ಇದು ಸಾಮಾನ್ಯ ತರದ್ದಲ್ಲ, ಜಲ್ದಿ ಏರೂವಂಥಾದ್ದು ಅಂದಾರ. ಇನ್ನೊಂದು ಮಾತೂ ಹೇಳ್ಯಾರ: ಬರಬರತ ಮಾರಿ ಬಿಗದಕೋತೈತಿ, ಒಳಗ ನಗಿ ಬಂದ್ರೂ ಮ್ಯಾಲ ಕಾಣಂಗಿಲ್ಲ. ಅದನ್ನ ಕೇಳಿ ಬಂದ ದಿನ ಬಸ್ಸಿನ್ಯಾಗ ಆಕಿ ಕಿಟಕಿ ಕಡೆ ಮಾರಿ ಮಾಡಿ ಕುಂತಿದ್ಲು. ಗದಗ ಬಂದ್ರೂ ಈ ಕಡೆ ತಿರಗಲಿಲ್ಲ.

ನೀವು ಕೇಳತೀರಿ, ಫೋಟೋಗ್ರಾಫರನ ಹೆಂಡತೀದು ಒಂದೂ ಫೋಟೋ ಇಲ್ಲೇನಂತ. ಇಲ್ರೀ! ಮಿಠಾಯಿ ಅಂಗಡಿಯಂವ ಮಿಠಾಯಿ ತಿನ್ನಂಗಿಲ್ಲ. ಆಕಿ ಯಾವಾಗಲೂ ನನ್ನ ಬಾಜೂಕ ಲೈಟ್ ಹಿಡದು ನಿಂತಿರತಿದ್ಲು. ನಮ್ಮ ಮದುವಿ ಫೋಟೋದಾಗ ತಲಿ ತಗ್ಗಿಸಿ ಕುಂತಾಳ, ಬಾಸಿಂಗ ಅಷ್ಟ ಕಾಣತೈತಿ. ಈಗ ನನ್ನ ಬಡಪಾಯಿ ಲೆನ್ಸಿನ್ಯಾಗ ತಗದ್ರ ಪ್ರತಿಯೊಂದೂ ಹೊಗಿ. ಮಾರಿ ಜಾಗಾದಾಗ ಎರಡು ಮೂರು ಮಾರಿ. ನಾ ತಲಿ ಹಿಡಕೊಂಡು ಕುಂತಾಗ ಆಕೀನ ಸಮಾಧಾನ ಮಾಡಿದ್ಲು: "ಇರಲಿ ಬಿಡ್ರಿ. ಸತ್ತ ಮ್ಯಾಲ ಗಪ್ಪ ಕುಂಡರತೇನಿ, ಆವಾಗ ಬೇಕಾದಷ್ಟು ತಗೀರಿ." ಇಂಥಾ ಸಮಾಧಾನ ಯಾವ ವೈರಿಗೂ ಬ್ಯಾಡ.

ಅಲ್ಲಿಂದ ನನ್ನ ಲೆನ್ಸಿನ ಹುಚ್ಚು ಶುರು ಆತು. ಹೊಲಾ ಕೊಳ್ಳಾಕೂ ಮಂದಿ ಇಷ್ಟು ವಿಚಾರ ಮಾಡಂಗಿಲ್ಲ. ಮುಂಜಾನೆ ಹಲ್ಲು ತಿಕ್ಕಕೋತ ವಿಡಿಯೋ, ಉಣಕೋತ ವಿಡಿಯೋ. ಯಾವನೋ ಒಬ್ಬಂವ ಗೋಡಂಬಿ ಬಣ್ಣದ ಹುಡುಗೀನ ತೋಟದಾಗ ನಿಲ್ಲಿಸಿ, ನೋಡ್ರಿ ಹಿಂದಿನ ಗಿಡ ಬೆಣ್ಣಿಯಂಗ ಕರಗಿಹೋತು ಅಂತಾನ. ನಮ್ಮೂರಾಗೂ ಹುಡುಗರು ಬಂದು ಅದನ್ನ ಕೇಳತಾರ: "ಅಂಕಲ್, ಹಿಂದಿಂದು ಮಸಕ ಆಗಬೇಕ್ರಿ." ಆಗಲಿ ಬಿಡಪ್ಪಾ. ನಮ್ಮ ಹಿಂದ ಯಾವತ್ತೂ ನೀರಿನ ಕೊಡಾನೋ, ಮಗ್ಗಲಮನಿಯವರು ಒಣಹಾಕಿದ ಲಂಗಾನೋ, ಎಮ್ಮಿಯೋ ಇರೂದು. ಮಸಕ ಆದ್ರ ಎಮ್ಮಿಗೂ ಮರ್ಯಾದಿ. ಆದ್ರ ನನಗ ಬೇಕಾಗಿದ್ದು ಹಿಂದಿಂದು ಕರಗೂದಲ್ಲ, ಮುಂದಿಂದು ನಿಲ್ಲೂದು.

ಅದಕ್ಕ ಫಾಸ್ಟ್ ಲೆನ್ಸು ಬೇಕು. ಇದರ ಶಾಸ್ತ್ರ ಸರಳ ಐತಿ. ಲೆನ್ಸಿನ ಬಾಯಿ ಅಗಲ ಇದ್ದಷ್ಟೂ ಬೆಳಕು ಹೆಚ್ಚು ಒಳಗ ಬರತೈತಿ, ಬೆಳಕು ಹೆಚ್ಚು ಬಂದಷ್ಟೂ ಶಟರ್ ಕಣ್ಣು ಪಿಳುಕಿಸೂದರಾಗ ಮುಚ್ಚತೈತಿ. ಆ ಪಿಳುಕಿನ್ಯಾಗ ಎಂಥಾ ನಡುಕನೂ ನಿಂತಂಗ ಕಾಣತೈತಿ. ಉಲ್ಟಾ ಏನಂದ್ರ, ನಂಬರು ಸಣ್ಣದಾದಷ್ಟೂ ಬಾಯಿ ದೊಡ್ಡದು. ಒಂದು ಪಾಯಿಂಟ್ ಎರಡು ಅಂದ್ರ ಬಾವಿ, ಐದು ಪಾಯಿಂಟ್ ಆರು ಅಂದ್ರ ಸೂಜಿಕಣ್ಣು. ಗಿರಿಜಾಗ ಇದನ್ನ ಹೇಳಿದೆ. "ನಮ್ಮ ನೂಲಿನಂಗ ಅಲ್ಲೇನ್ರಿ, ನಂಬರು ಸಣ್ಣದಾದ್ರ ಎಳಿ ದಪ್ಪ" ಅಂದು ಚಾ ಬಟ್ಟಲಾ ಎರಡೂ ಕೈಲೆ ಹಿಡದ್ಲು. ಅರ್ಧಾ ಚಾ ಸೀರಿ ಮ್ಯಾಲ.

ಲಕ್ಷ್ಮೇಶ್ವರದಾಗ ನನ್ನ ಗೆಳೆಯಾ ಮೈಬೂ ಅದಾನ, ಮದುವಿ ಫೋಟೋ ತಗೀತಾನ. ಅವನ ಕ್ಯಾಮೆರಾನೂ ನಂದರ ಕಂಪನೀದ, ಒಂದರ ಲೆನ್ಸು ಇನ್ನೊಂದಕ್ಕ ಕುಂಡರತೈತಿ. ಅವನ ಕಡೆ ಹೋಗಿ ವಿಷಯ ಹೇಳಿದೆ. ಅಂವ ಸುಮ್ಮನ ಎರಡು ಲೆನ್ಸು ಟವೆಲ್‌ನ್ಯಾಗ ಸುತ್ತಿ ಕೈಯಾಗ ಇಟ್ಟ. "ತಗೊಂಡು ಹೋಗಲೇ. ವೈನಿಗೆ ಯಾವುದು ಹೊಂದತೈತೋ ನೋಡು, ಆಮ್ಯಾಲ ಅದನ್ನ ಕೊಳ್ಳುವಂತಿ. ಆದ್ರ ತಡಾ ಮಾಡಬ್ಯಾಡ" ಅಂದ. ವಿಡಿಯೋದಾಗ ಯಾರೂ ಆ ಕಡೀ ಮಾತು ಹೇಳಿರಲಿಲ್ಲ.

ಮದಲ ಮೂವತ್ತೈದು ಎಂಎಂ ಲೆನ್ಸು. ಇದು ಸಣ್ಣ ಖೋಲಿಗೆ ಛಲೋ, ಆದ್ರ ಬರೇ ಮಾರಿ ಬೇಕಂದ್ರ ಆಕಿ ಮೂಗಿನ ಹತ್ತರನ ಹೋಗಬೇಕು. ಹೋದೆ. ಮೂಗು ಬದನಿಕಾಯಿ ಆತು. "ಇದನ್ನ ಗ್ವಾಡಿಗೆ ಹಾಕಿದ್ರ ಮಂದಿ ನನ್ನ ಮೂಗಿಗೆ ಊದಿನಕಡ್ಡಿ ಬೆಳಗತಾರ" ಅಂದ್ಲು. ಅದು ಟವೆಲ್‌ಗೆ ವಾಪಸ್ ಹೋತು.

ಎರಡನೇದು ಐವತ್ತಾರು, ಒಂದು ಪಾಯಿಂಟ್ ಎರಡು. ಮಾರಿಗಂತನ ಹುಟ್ಟಿದ ಲೆನ್ಸು ಇದು. ಆದ್ರ ಇದಕ್ಕೊಂದು ಸೊಕ್ಕು. ಬಾಯಿ ಪೂರಾ ತಗದಾಗ ಸ್ವಚ್ಛ ಕಾಣೂದು ಒಂದು ಎಳಿಯಷ್ಟು ಜಾಗಾ. ಕಣ್ಣು ಸ್ವಚ್ಛ ಬಂದ್ರ ಕಿವಿ ಮಸಕು. ಕುಂತಲ್ಲೇ ಹಿಂದ ಮುಂದ ತೂಗೂ ಮಾರಿಗೆ ಈ ಎಳಿ ಎಲ್ಲಿ ಸಿಗಬೇಕು? ಕಣ್ಣ ಹುಡುಕೂ ವಿದ್ಯಾ ಕ್ಯಾಮೆರಾಕ್ಕ ಗೊತ್ತೈತಿ, ಖರೆ, ಆದ್ರ ನಮ್ಮನಿ ಕತ್ತಲದಾಗ ಅದೂ ತಡವರಸತಿತ್ತು. ನಡುಕ ನಿಲ್ಲಸಾಕ ಬಾಯಿ ತಗೀಬೇಕು, ತಗದ್ರ ಮಾರಿನ ಕೈಗೆ ಸಿಗಂಗಿಲ್ಲ. ತಗದು ತಗದು ನೋಡಿದ್ರ ಒಂದರಾಗ ಮೂಗುಬಟ್ಟು ಲಕಲಕ ಹೊಳದಿತ್ತು, ಹಿಂದ ಹೆಂಡತಿ ಎಲ್ಲಿ ಅಂತ ಹುಡುಕಬೇಕು. ನನಗ ಸಿಟ್ಟು ನೆತ್ತಿಗೇರಿತು. ನಮ್ಮಪ್ಪ ಕಲಿಸಿದ ಮಾತು, ಜೀವಮಾನ ಪೂರ್ತಿ ಎಲ್ಲಾರಿಗೂ ಹೇಳಿದ ಮಾತು, ಬಾಯಿಗೆ ಬಂದಬಿಡ್ತು: "ಅಲುಗಾಡಬ್ಯಾಡ!"

ಆಕಿ ನನ್ನ ನೋಡಿದ್ಲು. ಎರಡೂ ಕೈ ತೊಡಿ ಕೆಳಗ ಒತ್ತಿ ಹಿಡದು, ಹಲ್ಲು ಕಚ್ಚಿ, ನಿಲ್ಲಾಕ ನೋಡಿದ್ಲು. ಒತ್ತಿದಷ್ಟೂ ಮೈ ಪೂರಾ ನಡಗಾಕ ಹತ್ತಿತು. ನನ್ನ ಬಾಯಾಗ ಹುಳ ಬೀಳಲಿ.

ಕ್ಯಾಮೆರಾ ಕೆಳಗಿಟ್ಟೆ. ಆಕಿ ಕೈ ಎರಡೂ ತೊಡಿ ಕೆಳಗಿಂದ ಬಿಡಿಸಿದೆ. ಆಮ್ಯಾಲ ನನಗೊಂದು ಹೊಳೀತು. ಆಕಿ ಬಾಗಲ ಬೆಳಕಿನ್ಯಾಗ ಗಿಡ್ಡ ಕಟ್ಟಿಗಿ ಮಣಿ ಮ್ಯಾಲ ಕುಂತಿದ್ಲು, ನನ್ನ ಮೊಣಕಾಲು ಬಗ್ಗಂಗಿಲ್ಲ, ನಿಂತು ತಗದ್ರ ನನ್ನ ಕೈನೂ ಅಲುಗತಾವ. ಇಬ್ಬರ ನಡುಕ ಕೂಡಿದ್ರ ಯಾವ ಲೆನ್ಸು ತಡೀತೈತಿ? ನಮ್ಮ ಪಡಸಾಲ್ಯಾಗ ನಮ್ಮವ್ವನ ಕಾಲದ ಮಗ್ಗದ ಕುಣಿ ಐತಿ. ಮಗ್ಗ ಹೋಗಿ ವರ್ಷಗಟ್ಟಲೆ ಆತು, ಕುಣಿ ಮ್ಯಾಲ ಹಲಗಿ ಮುಚ್ಚೇವಿ. ನೇಯವರು ಕಾಲು ಇಳಿಬಿಟ್ಟು ಕುಂಡರೂ ತಗ್ಗು. ಹಲಗಿ ಸರಿಸಿ ಅದರಾಗ ಇಳದು ನಿಂತೆ. ಮುಂದ ಬಗ್ಗಿದ್ರ ನೆಲಾ ಸರಿಯಾಗಿ ಎದಿಮಟ್ಟಕ್ಕ ಬಂತು. ಎರಡೂ ಮೊಣಕೈ ನೆಲಕ್ಕ ಊರಿದೆ. ಕ್ಯಾಮೆರಾ ಕಲ್ಲಿನಂಗ ನಿಂತು, ಆಕಿ ಕಣ್ಣಿಗೆ ಸಮಾ ಆತು. ಲೆನ್ಸಿನ ಬಾಯಿ ಸ್ವಲ್ಪ ಸಣ್ಣದು ಮಾಡಿ, ಎಳಿ ಒಂದೀಟು ದಪ್ಪ ಮಾಡಿಕೊಂಡೆ.

ಗಿರಿಜಾ ನನ್ನ ಈ ಅವತಾರ ನೋಡಿದ್ಲು. ಕುಣಿಯಾಗ ಗಂಡ, ಎದಿತನಕ.

"ಅಯ್ಯ! ನಾ ಇನ್ನೂ ಕುಂತೇನಿ, ನೀವ ಮದಲ ಇಳದು ಅಳತಿ ನೋಡಾಕತ್ತೀರೇನ್ರಿ?"

ನಕ್ಕಳು ನೋಡ್ರಿ! ಆ ಬಿಗದ ಮಾರಿ ಎಲ್ಲಿ ಬಿಚ್ಚಕೋತೋ ಗೊತ್ತಿಲ್ಲ, ಗಲ್ಲ, ಕಣ್ಣು, ಹಣಿ ಎಲ್ಲಾ ಕೂಡಿ ನಕ್ವು. ನಾ ಒತ್ತಿದೆ. ಒತ್ತಕೋತನ ಇದ್ದೆ, ನನ್ನ ಕಣ್ಣಾಗ ನೀರು ಬಂದು ಏನೂ ಕಾಣಲಾರದಂಗ ಆಗೂತನ.

ಅದರಾಗ ಒಂದು ಬಂದೈತಿ. ಎರಡೂ ಕಣ್ಣು ಸ್ವಚ್ಛ, ರೆಪ್ಪಿ ಸ್ವಚ್ಛ, ಗದ್ದದ ಕೆಳಗ ಎತ್ತಿದ ಕೈಯಾಗಿನ ಬಳಿ ಸ್ವಚ್ಛ. ಒಂಚೂರೂ ನಡುಕ ಇಲ್ಲ. ದೊಡ್ಡದು ಮಾಡಿ, ಗಾಜಿನ ಕಟ್ಟ ಹಾಕಿಸಿ, ಗೆದ್ದ ಪೈಲವಾನನಂಗ ತಂದು ಆಕಿ ಮುಂದ ಹಿಡದೆ. ಬಾಜೂಕ ತಮಾಷಿಗಂತ ಹಳೇ ಲೆನ್ಸಿನ ಹೊಗಿ ಫೋಟೋನೂ ಒಂದು ಕಟ್ಟ ಹಾಕಿಸಿದ್ದೆ, ಎಷ್ಟು ಫರಕ ಐತಿ ನೋಡು ಅನ್ನಾಕ.

ಆಕಿ ಭಾಳೊತ್ತು ನೋಡಿದ್ಲು. ಸ್ವಚ್ಛ ಇದ್ದದ್ದರ ಮ್ಯಾಲ ಬೆರಳಿಟ್ಟು, "ಛಂದ ಬಂದೈತ್ರಿ. ಖರೇನ ಛಂದ. ಆದ್ರ ಇಕಿ ಎಷ್ಟು ಗಪ್ಪ ಕುಂತಾಳಲ್ಲ" ಅಂದ್ಲು. ಆಮ್ಯಾಲ ಹೊಗಿ ಫೋಟೋ ಎಳಕೊಂಡ್ಲು. "ಸದ್ಯಾ ಇದನ್ನ ಹಾಕ್ರಿ. ಬದುಕಿದವರು ಅಲುಗಾಡತಾರ ಅಂತ ನೀವ ಹೇಳತಿದ್ರಿ."

ಸುತ್ತಿಗಿ ತಂದೆ, ಸ್ಟೂಲ್ ಹತ್ತಿ ಮೊಳಿ ಹೊಡದೆ, ಅಲುಗಾಡೂ ಗಿರಿಜಾನ್ನ ತೂಗಹಾಕಿದೆ. ಇಳೀಬೇಕು ಅನ್ನೂದರಾಗ ಆಕಿ ಅಂದ್ಲು: "ಹಂಗ ಬಾಜೂಕ ಇನ್ನೊಂದು ಮೊಳಿ ಹೊಡದಬಿಡ್ರಿ. ಆವತ್ತ ಮಂದಿ ತುಂಬಿರತಾರ, ನಿಮಗ ಸುತ್ತಿಗಿ ಸಿಗಂಗಿಲ್ಲ."

ಹೊಡದೆ. ಏನ ಮಾಡಲಿ, ಹೊಡದೆ.

ಸ್ವಚ್ಛ ಇದ್ದದ್ದು ಈಗ ಟ್ರಂಕಿನ್ಯಾಗ ಆಕಿ ಇಳಕಲ್ ಸೀರಿ ನಡುವ ಐತಿ. ಮೈಬೂ ಫೋನ್ ಮಾಡತಾನ: "ಯಾವ ಲೆನ್ಸು ಆರಿಸಿದೆಪಾ?" ಐವತ್ತಾರು ಅಂತೇನಿ, ಅದರ ಗುಣಾ ಹೇಳತೇನಿ. ಅದು ಅತ್ಯುತ್ತಮ ಲೆನ್ಸು, ಅದರಾಗ ಎರಡು ಮಾತಿಲ್ಲ. ನೀವೂ ತಗೋಳ್ರಿ, ಜಲ್ದಿ ತಗೋಳ್ರಿ. ಆ ಖಾಲಿ ಮೊಳಿಗೆ ಮಾತ್ರ ನಾ ದಿನಾ ಸಂಜೀಕ ನನ್ನ ಅಂಗಿ ತೂಗಹಾಕತೇನಿ, ಅದು ಖಾಲಿ ಐತಿ ಅಂತ ಕಣ್ಣಿಗೆ ಬೀಳಬಾರದಂತ. ಮುಂಜಾನೆ ಎದ್ದು ನೋಡಿದ್ರ ಮೊಳಿ ಖಾಲಿ, ಅಂಗಿ ಬಾಗಲ ಹಿಂದಿನ ಗೂಟದ ಮ್ಯಾಲ ಇರತೈತಿ. ಆಕಿ ಆ ನಡಗೂ ಕೈಲೆ ಅದನ್ನ ತಗದು, ಮಡಚಿ, ಅಲ್ಲಿಗೆ ಒಯ್ದು ಹಾಕಿರತಾಳ.