ನಡುವಿನ ಡಿಸ್ಕು

ಮುಂದಾಲೋಚನೆಯೊಂದೇ ಮನುಷ್ಯನನ್ನು ಪಶುವಿನಿಂದ ಬೇರೆ ಮಾಡುವುದು. ನಮ್ಮ ಪಕ್ಕದ ಮನೆಯ ಎಮ್ಮೆ ಇದುವರೆಗೆ ಏನನ್ನೂ ಅಳಿಸಿಲ್ಲ.

ಚಿಂಚೋಳಿಯಲ್ಲಿ ಹೆಂಡತಿಯ ತಂಗಿಯ ಮೊಮ್ಮಗಳಿಗೆ ತೊಟ್ಟಿಲ ಕಾರ್ಯವಿತ್ತು. ತೀರಿಹೋದ ನಮ್ಮತ್ತೆ ಹಾಡಿದ ಹನ್ನೊಂದು ಜೋಗುಳಗಳು ಒಂದು ಪೆನ್‌ಡ್ರೈವಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಅವನ್ನು ಅಲ್ಲಿ ಸ್ಪೀಕರಿಗೆ ಹಚ್ಚಬೇಕೆಂದು ಹೆಂಡತಿಯ ಆಸೆ. ಅಂಥದ್ದನ್ನು ವಾಡಿಯಿಂದ ಬಸ್ಸಿನಲ್ಲಿ ಒಯ್ದು ಕಳೆಯುವುದುಂಟೇ? ಹಳೆಯ ಪೆನ್‌ಡ್ರೈವೊಂದನ್ನು ಪೂರಾ ಅಳಿಸಿ ಅದಕ್ಕೆ ನಕಲು ಮಾಡೋಣ ಎಂದೆ.

ಹಳೆಯದು ಮೌಸಿನ ಮಾತಿಗೆ ಬಗ್ಗಲಿಲ್ಲ. ಆದೇಶ ಟೈಪಿಸುವ ಕಪ್ಪು ಪರದೆ ತೆರೆದೆ. ಅದು ‘ಖಾತ್ರಿಯೇ?’ ಎಂದು ಕೇಳುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. ಮೂವತ್ತು ವರ್ಷ ಕಚೇರಿಯಲ್ಲಿ ಅಂಥ ಒಬ್ಬ ಸಿಬ್ಬಂದಿಗಾಗಿ ಹಾತೊರೆದಿದ್ದೆ.

ಎರಡೂ ಪೆನ್‌ಡ್ರೈವ್ ಚುಚ್ಚಿದ್ದೆ, ಹಳೆಯದು ಮೊದಲು. ಎರಡೂ ಹದಿನಾರು ಜಿ.ಬಿ. ನನ್ನ ಕಣ್ಣು ಕೀಬೋರ್ಡಿನಲ್ಲಿ ಅಕ್ಷರ ಹುಡುಕುತ್ತಿದ್ದುದರಿಂದ ಪರದೆಯ ಮೇಲಿನ ಡಿಸ್ಕುಗಳ ಪಟ್ಟಿ ಓದುವುದು ಹೆಂಡತಿಯ ಪಾಲಿಗೆ ಬಂತು.

“ಮೊದಲ್ನೇದು ಕಂಪ್ಯೂಟರಿಂದು. ನಡುವಿಂದು ಹಳೇದು. ಕಡೀದು ನಿಮ್ಮವ್ವನ ಪದದ್ದು. ಹಳೇದು ಎಷ್ಟನೇದದ, ಹೇಳು.”

ಅವಳು ಸೇಡಂ ಕಡೆಯ ಒಕ್ಕಲು ಮನೆತನದವಳು. ಅಲ್ಲಿ ತೊಗರಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಪರದೆಗೆ ಬೆರಳಿಟ್ಟು ಅಳೆದಳು.

“ಲಾಭ... ಎರಡು... ಮೂರು. ನಡುವಿಂದು ಎರಡು ನೋಡ್ರಿ.”

“ಖರೇನಾ?”

“ಮೂರು ಸಾಲು ಎಣಸಲಿಕ್ಕ ಕಾಲೇಜಿಗಿ ಹೋಗ್ಬೇಕೇನ್ರಿ?”

ಎರಡನ್ನು ಆರಿಸಿದೆ. ಬರೀ ‘ಕ್ಲೀನ್’ ಎಂದರೆ ಮೇಲೆ ಮೇಲೆ ಒರೆಸುತ್ತದೆ. ಬಲ್ಲವರು ಆಮೇಲೂ ಹಿಂದಕ್ಕೆ ತೆಗೆಯಬಹುದು. ಅಂಥ ಅರೆಬರೆ ಕೆಲಸ ನನ್ನ ಸ್ವಭಾವವಲ್ಲ. ‘ಕ್ಲೀನ್ ಆಲ್’ ಎಂದು ಒತ್ತಿದೆ. ಅದು ಮುಗಿಯುವಷ್ಟರಲ್ಲಿ ಎರಡು ಸಲ ಚಹಾ ಆಯಿತು.

ಬಂದು ಕನ್ನಡಕ ಹಾಕಿಕೊಂಡು ಪರದೆ ನೋಡಿದೆ. ಸಾಲುಗಳ ಮುಂದೆ ಅಂಕಿಗಳು ಸ್ಪಷ್ಟವಾಗಿಯೇ ಇದ್ದವು: ಸೊನ್ನೆ, ಒಂದು, ಕಡೆಯದಕ್ಕೆ ಎರಡು. ಅವನ್ನು ಅವಳು ಓದಿರಲಿಲ್ಲ. ಕಾಳು ಅಳೆಯುವವರು ಸೇರಿನ ಮೇಲೆ ಬರೆದದ್ದನ್ನು ಓದುವುದಿಲ್ಲ. ಯಂತ್ರವಂತೂ ಸ್ವಚ್ಛತಾಕಾರ್ಯ ಯಶಸ್ವಿಯಾಯಿತೆಂದು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿತ್ತು.

“ಅವ್ವನ ಪದ ಹೋದ್ವೇನ್ರಿ?”

ನಾನು ಕನ್ನಡಕ ತೆಗೆದು ಒರೆಸಿದೆ.

“ಆ ಹಳೇದು?”

“ಅದು ಹಂಗೇ ಅದ.”

ಅವಳು ಹಳೆಯದನ್ನು ಕಿತ್ತು ನನ್ನ ಕೈಗಿಟ್ಟಳು. ಆಮೇಲೆ ಅಂದಳು: “ಬಸ್ಸಿನಾಗ ಕಳೀತದ ಅಂದಿದ್ರಿ. ಭಾಳ ಛಲೋ ಆತು, ಮನ್ಯಾಗೇ ಕಳದ್ರಿ.”

ಚಿಂಚೋಳಿಯಲ್ಲಿ ಅಕ್ಕ–ತಂಗಿ ಇಬ್ಬರೂ ತೊಟ್ಟಿಲ ಹಗ್ಗ ಹಿಡಿದು ನೆನಪಿದ್ದಷ್ಟು ಹಾಡಿದರು. ಹನ್ನೊಂದರಲ್ಲಿ ನಾಲ್ಕು ಬಂದವು.